ಬೆಳಕಿನ ಹೆಜ್ಜೆ ಎಣಿಸಿದ ಪಂಚರತ್ನಂ

ಜಾತ್ರೆಯ ಅಂಗಡಿಸಾಲಿನಲ್ಲಿ ಪೀಪಿ, ಬಲೂನು, ಬಳೆಗಳ ನಡುವೆ ಈಗ ಬೆರಳುದ್ದದ ಲೇಸರ್ ಟಾರ್ಚೂ ಮಾರಾಟಕ್ಕೆ ಸಿಗುತ್ತದೆ. ಮಡಕಶಿರದ ಕಡೆಯಾಗಲಿ, ರಾಯದುರ್ಗದ ಕಡೆಯಾಗಲಿ, ಅದನ್ನು ಕೊಂಡ ಹುಡುಗ ಮೊದಲು ಮಾಡುವ ಕೆಲಸ ಒಂದೇ: ಕತ್ತಲಾದೊಡನೆ ಎದುರು ಗೋಡೆಯ ಮೇಲೆ ಕೆಂಪು ಚುಕ್ಕೆಯನ್ನು ಕುಣಿಸುವುದು. ಆ ಚುಕ್ಕೆಯನ್ನು ತುಸು ನಿಲ್ಲಿಸಿ ಗಮನವಿಟ್ಟು ನೋಡಿದವರು ಕಡಿಮೆ. ಸುಣ್ಣ ಬಳಿದ ಗೋಡೆಯ ಮೇಲಿನ ಆ ಚುಕ್ಕೆ ಒಂದೇ ಸಮನಾಗಿ ಬೆಳಗುವುದಿಲ್ಲ. ರವೆ ಚೆಲ್ಲಿದಂತೆ ಮಿನುಗುವ ಕಾಳುಗಳೂ ಅವುಗಳ ನಡುವೆ ಕರಿಯ ಎಡೆಗಳೂ ಅದರಲ್ಲಿ ಕಾಣುತ್ತವೆ. ನೋಡುವವನು ತಲೆಯನ್ನು ಅತ್ತಿತ್ತ ಆಡಿಸಿದರೆ ಕಾಳುಗಳೂ ಹರಿದಾಡುತ್ತವೆ. ಮನೆಯ ಸಾಮಾನ್ಯ ಟಾರ್ಚಿನ ಬೆಳಕಿನಲ್ಲಿ ಇಂಥದೇನೂ ಕಾಣದು. ಗೋಡೆ ಅದೇ, ಕಣ್ಣು ಅದೇ. ಹಾಗಾದರೆ ಬೇರೆಯಾದುದು ಯಾವುದು?

ಉತ್ತರಕ್ಕೆ ಹೋಗುವ ಮೊದಲು ಹಿರಿಯರು ನೆನಪಿಡಬೇಕಾದ ಮಾತೊಂದಿದೆ. ಲೇಸರ್ ಕಿರಣವು ನೇರವಾಗಿ ಕಣ್ಣಿಗೆ ಬಿದ್ದರೆ ಕಣ್ಣಿನ ಮಸೂರವು ಅದನ್ನು ಅಕ್ಷಿಪಟದ ಮೇಲೆ ಸೂಜಿಮೊನೆಯಷ್ಟು ಜಾಗಕ್ಕೆ ಒಟ್ಟುಗೂಡಿಸುತ್ತದೆ. ಅಲ್ಲಿ ಆದ ಸುಟ್ಟಗಾಯ ಮಾಯುವುದಿಲ್ಲ. ಗೋಡೆಯ ಮೇಲೆ ಮಾತ್ರ ಬೀಳಿಸಬೇಕು, ಯಾರ ಮುಖದತ್ತಲೂ ತಿರುಗಿಸಬಾರದು, ಕನ್ನಡಿಯತ್ತಲೂ ಬಿಡಬಾರದು ಎಂಬ ಕಟ್ಟಪ್ಪಣೆಯೊಂದಿಗೇ ಈ ಆಟಿಕೆ ಮಗುವಿನ ಕೈಗೆ ಹೋಗಬೇಕು.

ಇನ್ನು ಪ್ರಶ್ನೆಗೆ ಬರೋಣ. ಬೆಳಕು ಒಂದು ಅಲೆ ಎಂಬುದನ್ನು ಪ್ರೌಢಶಾಲೆಯ ಮಕ್ಕಳು ಓದಿಯೇ ಇರುತ್ತಾರೆ. ಪ್ರತಿಯೊಂದು ಅಲೆಗೂ ಬಣ್ಣ ಮತ್ತು ಪ್ರಖರತೆಗಳಲ್ಲದೆ ಕಣ್ಣಿಗೆ ಕಾಣದ ಮೂರು ಗುಣಗಳಿವೆ. ಪಠ್ಯಪುಸ್ತಕದ ಕನ್ನಡದಲ್ಲಿ ಇವುಗಳ ಹೆಸರು ಪ್ರಾವಸ್ಥೆ, ಧ್ರುವೀಕರಣ ಮತ್ತು ಸಂಸಕ್ತತೆ. ಹೆಸರುಗಳು ತೂಕವಾಗಿ ಕೇಳಿಸಿದರೂ ಒಳಗಿನ ಅರ್ಥ ಹಳ್ಳಿಯ ಮಕ್ಕಳಿಗೆ ಅಪರಿಚಿತವಲ್ಲ.

ಒಂದೇ ಕೊಂಬೆಗೆ ಕಟ್ಟಿದ ಎರಡು ಉಯ್ಯಾಲೆಗಳನ್ನು ನೆನೆಯೋಣ. ಎರಡೂ ಒಂದೇ ವೇಗದಲ್ಲಿ ತೂಗುತ್ತಿವೆ. ಎರಡೂ ಒಟ್ಟಿಗೆ ಮುಂದೆ ಬಂದು ಒಟ್ಟಿಗೆ ಹಿಂದೆ ಹೋದರೆ ಅವು ಒಂದೇ ಪ್ರಾವಸ್ಥೆಯಲ್ಲಿವೆ. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಇದ್ದರೆ ಅವುಗಳ ಪ್ರಾವಸ್ಥೆ ಪೂರ್ತಿ ವಿರುದ್ಧ. ತೂಗಾಟದ ಯಾವ ಘಟ್ಟದಲ್ಲಿ ಅಲೆ ಇದೆ ಎಂಬುದೇ ಪ್ರಾವಸ್ಥೆ. ಕೆಂಪು ಲೇಸರಿನ ಅಲೆಯಾದರೋ ಒಂದು ಸೆಕೆಂಡಿಗೆ ಸುಮಾರು 474 ಲಕ್ಷ ಕೋಟಿ ಬಾರಿ ತೂಗುತ್ತದೆ. ಅದನ್ನು ಯಾವ ಕಣ್ಣೂ ಎಣಿಸಲಾರದು. ಆದರೆ ಎರಡು ಅಲೆಗಳನ್ನು ಒಂದೆಡೆ ಸೇರಿಸಿದರೆ, ಹೆಜ್ಜೆ ಕೂಡಿದಲ್ಲಿ ಬೆಳಕು ಹೆಚ್ಚುತ್ತದೆ. ಹೆಜ್ಜೆ ವಿರುದ್ಧವಾದಲ್ಲಿ ಬೆಳಕಿಗೆ ಬೆಳಕು ಸೇರಿ ಕತ್ತಲಾಗುತ್ತದೆ. ಇದೇ ವ್ಯತಿಕರಣ.

ದನ ಕಟ್ಟುವ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಬಿಗಿದು ಇನ್ನೊಂದು ತುದಿಯನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದರೆ ಅಲೆ ಏಳುತ್ತದೆ. ಎಡಕ್ಕೂ ಬಲಕ್ಕೂ ಆಡಿಸಿದರೆ ಮಲಗಿದ ಅಲೆ ಓಡುತ್ತದೆ. ಕೈಯನ್ನು ಸುತ್ತು ತಿರುಗಿಸಿದರೆ ಹಗ್ಗವೂ ಸುರುಳಿಯಾಗಿ ಸುತ್ತುತ್ತದೆ. ಈ ಆಡುವ ದಿಕ್ಕೇ ಧ್ರುವೀಕರಣ. ಹಗ್ಗವನ್ನು ಕಿಟಕಿಯ ನಿಂತ ಸರಳುಗಳ ನಡುವಿನಿಂದ ಹಾಯಿಸಿದ್ದರೆ ಮೇಲೆ ಕೆಳಗೆ ಆಡುವ ಅಲೆ ದಾಟಿ ಹೋಗುತ್ತದೆ, ಅಡ್ಡಲಾಗಿ ಆಡುವುದು ಅಲ್ಲೇ ನಿಲ್ಲುತ್ತದೆ. ಪೋಲರಾಯ್ಡ್ ಹಾಳೆ ಬೆಳಕಿಗೆ ಮಾಡುವುದೂ ಇಂಥದೇ ಸೋಸುವಿಕೆ.

ಮೂರನೆಯದು ಸಂಸಕ್ತತೆ. ಆಗಸ್ಟ್ 15ರ ಕವಾಯತಿನಲ್ಲಿ ಡೋಲಿನ ಪೆಟ್ಟಿಗೆ ಸರಿಯಾಗಿ ಎಡ ಬಲ ಎಂದು ನಡೆಯುವ ಸಾಲಿನಲ್ಲಿ ಮುಂದಿನ ಹುಡುಗನ ಹೆಜ್ಜೆ ನೋಡಿ ಇಪ್ಪತ್ತನೆಯ ಹುಡುಗನ ಹೆಜ್ಜೆಯನ್ನು ಹೇಳಬಹುದು. ಜಾತ್ರೆಯ ಜನಸಂದಣಿಯಲ್ಲಿ ಪಕ್ಕದವನ ಹೆಜ್ಜೆಯನ್ನೂ ಹೇಳಲಾಗದು. ಹೆಜ್ಜೆಯ ಹೊಂದಾಣಿಕೆ ಎಷ್ಟು ದೂರ, ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ ಎಂಬುದೇ ಸಂಸಕ್ತತೆಯ ಅಳತೆ. ಬಿಸಿಲಿನಲ್ಲಿ ಈ ಹೊಂದಾಣಿಕೆ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟು ದೂರದಲ್ಲೇ ಅಳಿದುಹೋಗುತ್ತದೆ. ಪ್ರಯೋಗಶಾಲೆಯ ಸಾಮಾನ್ಯ ಹೀಲಿಯಂ-ನಿಯಾನ್ ಲೇಸರಿನಲ್ಲಿ ಅದು ಗೇಣುದ್ದಕ್ಕೂ ಮೀರಿ ಉಳಿಯುತ್ತದೆ. ವಿಶೇಷವಾಗಿ ಸ್ಥಿರಗೊಳಿಸಿದ ಲೇಸರುಗಳಲ್ಲಿ ಕಿಲೋಮೀಟರುಗಳಷ್ಟು ದೂರ ಸಾಗುತ್ತದೆ.

ಗೋಡೆಯ ಮೇಲಿನ ಕಾಳುಗಳ ಗುಟ್ಟು ಇಲ್ಲಿದೆ. ಸುಣ್ಣದ ಗೋಡೆ ಕೈಗೆ ನಯವೆನಿಸಿದರೂ ಬೆಳಕಿನ ಅಳತೆಯಲ್ಲಿ ಅದು ಗುಡ್ಡಬೆಟ್ಟ. ಅದರ ಒಂದೊಂದು ಉಬ್ಬಿನಿಂದಲೂ ಚದುರಿದ ಅಲೆಗಳು ಕಣ್ಣಿನಲ್ಲಿ ಕೂಡುತ್ತವೆ. ಲೇಸರಿನ ಅಲೆಗಳು ಕವಾಯತಿನ ಸಾಲಿನಂತಿರುವುದರಿಂದ ಕೆಲವೆಡೆ ಹೆಜ್ಜೆ ಕೂಡಿ ಮಿನುಗು, ಕೆಲವೆಡೆ ಹೆಜ್ಜೆ ತಪ್ಪಿ ಕಪ್ಪು. ಸಾಮಾನ್ಯ ಟಾರ್ಚಿನ ಬೆಳಕು ಸಂತೆಯ ಗುಂಪು. ಅದರಲ್ಲಿ ಕೂಡುವ ಕಳೆಯುವ ಆಟ ಕ್ಷಣಕ್ಷಣಕ್ಕೂ ಬದಲಾಗಿ ಸರಾಸರಿಯಲ್ಲಿ ಅಳಿಸಿಹೋಗುತ್ತದೆ.

ಈ ಮೂರು ಗುಣಗಳನ್ನು ಬೇಕಾದಂತೆ ತಿದ್ದಬಲ್ಲವನೇ ಲೇಸರನ್ನು ನಿಜವಾಗಿ ಆಳಬಲ್ಲವನು. ಪ್ರಾವಸ್ಥೆಯನ್ನು ಬದಲಿಸುವ ಸರಳ ವಿಧಾನವೆಂದರೆ ದಾರಿಯ ಉದ್ದವನ್ನು ಬದಲಿಸುವುದು. ಹೀಲಿಯಂ-ನಿಯಾನ್ ಲೇಸರಿನ ಕೆಂಪು ಬೆಳಕಿನ ತರಂಗದೂರ ಸುಮಾರು 633 ನ್ಯಾನೊಮೀಟರ್. ದಾರಿಯನ್ನು ಅದರ ಅರ್ಧದಷ್ಟು ಹೆಚ್ಚಿಸಿದರೆ ಬೆಳಗಿದ್ದ ಜಾಗ ಕತ್ತಲಾಗುತ್ತದೆ. ಗುರುತ್ವ ಅಲೆಗಳನ್ನು ಹಿಡಿದ ಅಮೆರಿಕದ ಲೈಗೋ ಯಂತ್ರ ನಿಂತಿರುವುದು ಇದೇ ತತ್ತ್ವದ ಮೇಲೆ. ತಲಾ 4 ಕಿಲೋಮೀಟರ್ ಉದ್ದದ ಎರಡು ತೋಳುಗಳಲ್ಲಿ ಲೇಸರನ್ನು ಓಡಿಸಿ ಮರಳಿ ಕೂಡಿಸಿ, 2015ರ ಸೆಪ್ಟೆಂಬರ್ 14ರಂದು ಅದು ಪ್ರೋಟಾನಿನ ಗಾತ್ರಕ್ಕಿಂತಲೂ ಬಹಳ ಚಿಕ್ಕದಾದ ದೂರದ ವ್ಯತ್ಯಾಸವನ್ನು ಗುರುತಿಸಿತು.

ಧ್ರುವೀಕರಣವನ್ನು ತಿದ್ದಲು ಪೋಲರಾಯ್ಡ್ ಹಾಳೆಗಳೂ ಹರಳಿನ ತೆಳು ಫಲಕಗಳೂ ಇವೆ. ನೆಲ್ಲೂರು ಸೀಮೆಯ ಗೂಡೂರಿನ ಗಣಿಗಳಿಂದ ಹೆಸರಾದ ಅಭ್ರಕವನ್ನು ತಕ್ಕಷ್ಟು ತೆಳುವಾಗಿ ಸೀಳಿದರೆ ಅದೇ ಒಂದು ತರಂಗಫಲಕ. ಅದರೊಳಗೆ ಬೆಳಕು ಒಂದಕ್ಕೊಂದು ಲಂಬವಾದ ಎರಡು ದಿಕ್ಕುಗಳ ಕಂಪನವಾಗಿ ಒಡೆದು, ಒಂದು ಮುಂದಾಗಿ ಒಂದು ಹಿಂದಾಗಿ ಸಾಗುತ್ತದೆ. ಫಲಕ ದಾಟುವಷ್ಟರಲ್ಲಿ ನೇರವಾಗಿ ಆಡುತ್ತಿದ್ದ ಬೆಳಕು ಸುರುಳಿಯಾಗಿ ಸುತ್ತತೊಡಗಬಹುದು. ಇನ್ನು ಸಂಸಕ್ತತೆಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಕೆಲವೊಮ್ಮೆ ಬೇಕೆಂದೇ ಕುಗ್ಗಿಸಬೇಕಾಗುತ್ತದೆ. ಲೇಸರಿನಿಂದ ಪರದೆಯ ಮೇಲೆ ಚಿತ್ರ ಮೂಡಿಸುವಾಗ ಮೇಲೆ ಹೇಳಿದ ಕಾಳುಗಳು ಚಿತ್ರವನ್ನು ಕೆಡಿಸುತ್ತವೆ. ಅಂಥಲ್ಲಿ ಮಾಸಲು ಗಾಜಿನ ಬಿಲ್ಲೆಯೊಂದನ್ನು ಕಿರಣದ ದಾರಿಯಲ್ಲಿ ತಿರುಗಿಸಿ ಹೆಜ್ಜೆಯ ಹೊಂದಾಣಿಕೆಯನ್ನು ಕದಡುತ್ತಾರೆ. ಊರೂರಿಗೆ ಇಂಟರ್ನೆಟ್ ಸಾಗಿಸುವ ಗಾಜಿನ ಎಳೆಗಳ ದೂರದ ಮಾರ್ಗಗಳಲ್ಲಿಯೂ ಲೇಸರಿನ ಪ್ರಾವಸ್ಥೆ ಮತ್ತು ಧ್ರುವೀಕರಣಗಳ ಮೇಲೆಯೇ ಸಂದೇಶವನ್ನು ಹೊರಿಸುವ ಪದ್ಧತಿ ಇದೆ.

ಈ ಮೂರು ಗುಣಗಳಿಗೂ ಪರಸ್ಪರ ಇರುವ ನಂಟನ್ನು ಆಳವಾಗಿ ಕಂಡವರಲ್ಲಿ ಒಬ್ಬರು ಬೆಂಗಳೂರಿನಲ್ಲಿ ದುಡಿದವರು ಎಂಬುದು ನಮ್ಮ ಭಾಗದ ಎಷ್ಟು ಮನೆಗಳಿಗೆ ಗೊತ್ತಿದ್ದೀತು? ಅವರ ಹೆಸರು ಎಸ್. ಪಂಚರತ್ನಂ. 1934ರಲ್ಲಿ ಜನಿಸಿದ ಅವರು ಸರ್ ಸಿ. ವಿ. ರಾಮನ್ ಅವರ ಸೋದರಳಿಯ. ರಾಮನ್ 1948ರಲ್ಲಿ ಸ್ಥಾಪಿಸಿದ ಸಂಶೋಧನ ಸಂಸ್ಥೆಯಲ್ಲಿ ಹರೆಯದಲ್ಲೇ ಸಂಶೋಧನೆಗೆ ತೊಡಗಿದರು. ಹರಳುಗಳ ಮೂಲಕ ಬೆಳಕು ಹೇಗೆ ಸಾಗುತ್ತದೆ ಎಂಬುದು ಅವರ ವಿಷಯ. ಅಂದು ಜಗತ್ತಿನಲ್ಲಿ ಲೇಸರ್ ಇನ್ನೂ ಹುಟ್ಟಿರಲಿಲ್ಲ. ಥಿಯೋಡರ್ ಮೈಮನ್ ಅಮೆರಿಕದಲ್ಲಿ ಮೊದಲ ಲೇಸರನ್ನು ಬೆಳಗಿಸಿದ್ದು 1960ರ ಮೇ 16ರಂದು. ಪಂಚರತ್ನಂ ಅವರ ಮುಖ್ಯ ಲೇಖನ ಅಚ್ಚಾದದ್ದು 1956ರಲ್ಲಿ. ಆಗ ಅವರ ವಯಸ್ಸು ಇಪ್ಪತ್ತೆರಡರ ಆಸುಪಾಸು.

ಅವರು ಕೇಳಿಕೊಂಡ ಪ್ರಶ್ನೆ ಕೇಳಲು ಬಹಳ ಸರಳ. ಎರಡು ಕಿರಣಗಳು ಒಂದೇ ದಿಕ್ಕಿನಲ್ಲಿ ಆಡುತ್ತಿದ್ದರೆ ಅವುಗಳ ಹೆಜ್ಜೆ ಕೂಡಿದೆಯೇ ಎಂದು ಹೇಳುವುದು ಸುಲಭ. ಆದರೆ ಒಂದು ಕಿರಣ ನೇರವಾಗಿ ಆಡುತ್ತಿದ್ದು, ಇನ್ನೊಂದು ಓರೆಯಾಗಿಯೋ ಸುರುಳಿಯಾಗಿಯೋ ಆಡುತ್ತಿದ್ದರೆ ಅವೆರಡರ ಹೆಜ್ಜೆ ಕೂಡಿದೆ ಎನ್ನುವುದಕ್ಕೆ ಅರ್ಥವೇನು? ಒಂದಕ್ಕೊಂದು ಪೂರ್ತಿ ಲಂಬವಾಗಿ ಆಡುವ ಕಿರಣಗಳು ವ್ಯತಿಕರಣದ ಪಟ್ಟೆಗಳನ್ನೇ ಮೂಡಿಸುವುದಿಲ್ಲವೆಂದು ಫ್ರಾನ್ಸಿನ ಫ್ರೆನೆಲ್ ಮತ್ತು ಅರಗೋ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ತೋರಿಸಿದ್ದರು. ಲಂಬವಲ್ಲದ, ಒಂದೇ ಸಮನೂ ಅಲ್ಲದ ಕಿರಣಗಳ ವಿಷಯದಲ್ಲಿ ಪಂಚರತ್ನಂ ಹೇಳಿದ ನಿಯಮವಿದು: ಎರಡನ್ನೂ ಕೂಡಿಸಿದಾಗ ಬೆಳಕು ಯಾವಾಗ ಅತ್ಯಂತ ಪ್ರಖರವಾಗುತ್ತದೆಯೋ ಆಗ ಅವುಗಳ ಹೆಜ್ಜೆ ಕೂಡಿದೆ ಎಂದು ತಿಳಿಯಬೇಕು.

ಈ ನಿಯಮ ಒಪ್ಪಿದೊಡನೆ ಒಂದು ಅಚ್ಚರಿ ಎದುರಾಗುತ್ತದೆ. ಮೂರು ಬಗೆಯ ಧ್ರುವೀಕರಣವುಳ್ಳ ಮೂರು ಕಿರಣಗಳನ್ನು ತೆಗೆದುಕೊಳ್ಳೋಣ. ಮೊದಲನೆಯದರೊಡನೆ ಎರಡನೆಯದು ಹೆಜ್ಜೆ ಕೂಡಿದೆ. ಎರಡನೆಯದರೊಡನೆ ಮೂರನೆಯದೂ ಹೆಜ್ಜೆ ಕೂಡಿದೆ. ಹಾಗಿದ್ದ ಮೇಲೆ ಮೂರನೆಯದು ಮೊದಲನೆಯದರೊಡನೆ ಹೆಜ್ಜೆ ಕೂಡಿರಲೇಬೇಕಲ್ಲವೇ? ಕವಾಯತಿನ ಹುಡುಗರ ವಿಷಯದಲ್ಲಿ ಹೌದು. ಬೆಳಕಿನ ವಿಷಯದಲ್ಲಿ ಸಾಮಾನ್ಯವಾಗಿ ಅಲ್ಲ ಎಂದು ಪಂಚರತ್ನಂ ತೋರಿಸಿದರು. ಯಾರೂ ತಪ್ಪು ಹೆಜ್ಜೆ ಇಟ್ಟಿಲ್ಲ. ಆದರೂ ಸುತ್ತಿ ಬಂದಾಗ ಲೆಕ್ಕದಲ್ಲಿ ಒಂದು ಅಂತರ ಉಳಿಯುತ್ತದೆ. ಅದು ಎಷ್ಟೆಂಬುದನ್ನೂ ಅವರೇ ನಿಖರವಾಗಿ ಹೇಳಿದರು.

ಅದಕ್ಕೆ ಅವರು ಬಳಸಿದ್ದು ಒಂದು ಗೋಳ. ಎಲ್ಲ ಬಗೆಯ ಧ್ರುವೀಕರಣಗಳನ್ನೂ ಗೋಳವೊಂದರ ಮೇಲಿನ ಚುಕ್ಕೆಗಳಾಗಿ ಗುರುತಿಸುವ ಉಪಾಯವನ್ನು ಫ್ರಾನ್ಸಿನ ಗಣಿತಜ್ಞ ಪ್ವಾಂಕಾರೆ 1892ರಲ್ಲಿ ಕೊಟ್ಟಿದ್ದರು. ನೇರವಾಗಿ ಆಡುವ ಬೆಳಕಿಗೆ ಸಮಭಾಜಕ ವೃತ್ತ; ಬಲಕ್ಕೂ ಎಡಕ್ಕೂ ಸುತ್ತುವ ಬೆಳಕಿಗೆ ಎರಡು ಧ್ರುವಗಳು; ಮಧ್ಯದ ಬಗೆಗಳಿಗೆ ಮಧ್ಯದ ಜಾಗಗಳು. ನಮ್ಮ ಮೂರು ಕಿರಣಗಳನ್ನು ಈ ಗೋಳದ ಮೇಲೆ ಗುರುತಿಸಿ ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ಆ ತ್ರಿಕೋನ ಗೋಳದ ಕೇಂದ್ರದಲ್ಲಿ ರಚಿಸುವ ಘನಕೋನದ ಸರಿಯಾದ ಅರ್ಧವೇ ಉಳಿದ ಪ್ರಾವಸ್ಥೆಯ ಅಂತರ. ಅಡ್ಡಲಾಗಿ ಆಡುವ ಬೆಳಕು, 45 ಡಿಗ್ರಿ ಓರೆಯಾಗಿ ಆಡುವ ಬೆಳಕು, ಸುರುಳಿಯ ಬೆಳಕು ಈ ಮೂರನ್ನು ತೆಗೆದುಕೊಂಡರೆ ತ್ರಿಕೋನವು ಗೋಳದ ಎಂಟನೆಯ ಒಂದು ಭಾಗವನ್ನು ಆವರಿಸುತ್ತದೆ. ಆಗ ಉಳಿಯುವ ಅಂತರ 45 ಡಿಗ್ರಿ, ಎಂದರೆ ಒಂದು ಅಲೆಯ ಎಂಟನೆಯ ಒಂದು ಭಾಗ. ಕೆಂಪು ಲೇಸರಿನಲ್ಲಿ ಅದು ಸುಮಾರು 79 ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕೂ ಕಡಿಮೆ.

ಗೋಳದ ಮೇಲೆ ಸುತ್ತಿ ಬಂದರೆ ಹೀಗೆ ಏನಾದರೂ ಉಳಿಯುತ್ತದೆಯೇ ಎಂದು ಅನುಮಾನಿಸುವವರು ಶಾಲೆಯ ಭೂಗೋಲವನ್ನು ಮುಂದಿಟ್ಟುಕೊಳ್ಳಬಹುದು. ಉತ್ತರ ಧ್ರುವದ ಮೇಲೆ ಒಂದು ಪೆನ್ಸಿಲನ್ನು ಮಲಗಿಸಿ, ಅದರ ಮೊನೆ ಸೊನ್ನೆ ಡಿಗ್ರಿ ರೇಖಾಂಶದ ಉದ್ದಕ್ಕೆ ತಿರುಗಿರುವಂತೆ ಇಡಬೇಕು. ಪೆನ್ಸಿಲನ್ನು ಕೈಯಲ್ಲಿ ಎಲ್ಲಿಯೂ ತಿರುಚದೆ ಆ ರೇಖೆಯ ಮೇಲೆ ಸಮಭಾಜಕಕ್ಕೆ ಇಳಿಸಬೇಕು, ಮೊನೆ ದಕ್ಷಿಣಕ್ಕಿರುತ್ತದೆ. ಮೊನೆಯನ್ನು ದಕ್ಷಿಣಕ್ಕೇ ಇಟ್ಟು ಸಮಭಾಜಕದ ಮೇಲೆ 90 ಡಿಗ್ರಿ ರೇಖಾಂಶದವರೆಗೆ ಸರಿಸಬೇಕು. ಅಲ್ಲಿಂದ ಹಾಗೆಯೇ ಹಿಂದಕ್ಕೆ ಉತ್ತರ ಧ್ರುವಕ್ಕೆ ಏರಿಸಿದರೆ, ಹೊರಟ ಜಾಗಕ್ಕೇ ಬಂದ ಪೆನ್ಸಿಲು ಹೊರಟಾಗಿನ ದಿಕ್ಕಿನಲ್ಲಿ ಇರುವುದಿಲ್ಲ. 90 ಡಿಗ್ರಿ ತಿರುಗಿರುತ್ತದೆ. ಯಾರೂ ಅದನ್ನು ತಿರುಗಿಸಲಿಲ್ಲ. ತಿರುಗಿಸಿದ್ದು ಗೋಳದ ಬಾಗು. ಬೆಳಕಿನ ಲೆಕ್ಕದಲ್ಲಿ ಇದರ ಅರ್ಧ ಬರುತ್ತದೆಂಬುದಷ್ಟೇ ವ್ಯತ್ಯಾಸ.

ಅದೇ ಲೇಖನಮಾಲೆಯ ಮುಂದಿನ ಭಾಗದಲ್ಲಿ ಪಂಚರತ್ನಂ ಅರೆಸಂಸಕ್ತ ಕಿರಣಗಳನ್ನು, ಎಂದರೆ ಹೆಜ್ಜೆ ಪೂರ್ತಿ ಕೂಡದ, ಪೂರ್ತಿ ಕೆಡದ ಬೆಳಕನ್ನೂ ಅಭ್ಯಸಿಸಿದರು. ಅದಕ್ಕೆ ಮೊದಲು, 1955ರಲ್ಲಿ, ಮೂರು ಹರಳಿನ ಫಲಕಗಳನ್ನು ತಕ್ಕ ಕೋನಗಳಲ್ಲಿ ಜೋಡಿಸಿದರೆ ಒಂದೇ ಬಣ್ಣಕ್ಕಲ್ಲದೆ ಹಲವು ಬಣ್ಣಗಳಿಗೂ ಒಂದೇ ಸಮನಾಗಿ ಕೆಲಸಮಾಡುವ ತರಂಗಫಲಕವಾಗುತ್ತದೆಂದು ತೋರಿಸಿದ್ದರು. ಖಗೋಳ ವಿಜ್ಞಾನಿಗಳು ನಕ್ಷತ್ರಗಳ ಬೆಳಕಿನ ಧ್ರುವೀಕರಣವನ್ನು ಅಳೆಯಲು ಇಂದಿಗೂ ಈ ಬಗೆಯ ಜೋಡಣೆಯನ್ನು ಬಳಸುತ್ತಾರೆ.

ಇಷ್ಟು ಹೊಸ ವಿಚಾರ ಹೇಳಿದ ಲೇಖನಕ್ಕೆ ಸಿಕ್ಕ ಮನ್ನಣೆ ಏನು? ಅದು ಅಚ್ಚಾದದ್ದು ಬೆಂಗಳೂರಿನಿಂದ ಹೊರಡುತ್ತಿದ್ದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. ಹೊರದೇಶಗಳಲ್ಲಿ ಅದರತ್ತ ಕಣ್ಣು ಹಾಯಿಸಿದವರು ವಿರಳ. ಪಂಚರತ್ನಂ ಕೆಲಕಾಲ ಮೈಸೂರು ವಿಶ್ವವಿದ್ಯಾಲಯದಲ್ಲಿ ಕಲಿಸಿ, ಮುಂದೆ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ತೆರಳಿ ಅಲ್ಲಿ ಸಂಶೋಧನೆ ಮುಂದುವರಿಸಿದರು. 1969ರಲ್ಲಿ, ಕೇವಲ ಮೂವತ್ತೈದರ ಪ್ರಾಯದಲ್ಲಿ, ಅಲ್ಲಿಯೇ ತೀರಿಕೊಂಡರು. ಅವರೊಡನೆ ದುಡಿದ ಆಕ್ಸ್‌ಫರ್ಡಿನ ವಿಜ್ಞಾನಿ ಜಿ. ಡಬ್ಲ್ಯು. ಸೀರೀಸ್ ಅವರ ಬರಹಗಳನ್ನೆಲ್ಲ ಕೂಡಿಸಿ 1975ರಲ್ಲಿ ಗ್ರಂಥವಾಗಿ ಹೊರತಂದರು. ಆದರೂ ಆ ತ್ರಿಕೋನದ ಮಾತು ಮೌನದಲ್ಲೇ ಉಳಿಯಿತು.

1984ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಭೌತವಿಜ್ಞಾನಿ ಮೈಕೆಲ್ ಬೆರ್ರಿ, ಕ್ವಾಂಟಮ್ ಜಗತ್ತಿನಲ್ಲಿ ಒಂದು ವ್ಯವಸ್ಥೆ ಸುತ್ತಿ ಬಂದು ಮೊದಲಿನ ಸ್ಥಿತಿಗೇ ಸೇರಿದರೂ ಅದರ ಪ್ರಾವಸ್ಥೆಯಲ್ಲಿ ಸುತ್ತಿದ ದಾರಿಯ ಗುರುತು ಉಳಿಯುತ್ತದೆ ಎಂದು ಸಾಧಿಸಿದರು. ಜಗತ್ತಿನ ವಿಜ್ಞಾನಿಗಳು ಅದನ್ನು ಬೆರಗಿನಿಂದ ಎತ್ತಿಕೊಂಡರು. ಆಗ ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು 1986ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಒಂದು ಚಿಕ್ಕ ಟಿಪ್ಪಣಿ ಬರೆದು, ಇದರ ಮೊದಲ ರೂಪ 1956ರಲ್ಲೇ ಪಂಚರತ್ನಂ ಬರೆದ ಪುಟಗಳಲ್ಲಿದೆ ಎಂದು ತೋರಿಸಿಕೊಟ್ಟರು. ಬೆರ್ರಿ ಅದನ್ನು ಮರೆಮಾಚಲಿಲ್ಲ. ಮರುವರ್ಷವೇ ತಾವೇ ಲೇಖನ ಬರೆದು ಪಂಚರತ್ನಂ ಅವರ ಶೋಧವನ್ನು ಜಗತ್ತಿಗೆ ವಿವರಿಸಿದರು. 1994ರಲ್ಲಿ ಮತ್ತೊಮ್ಮೆ ಅವರ ಪ್ರತಿಭೆಯನ್ನು ಮೆಚ್ಚಿ ಅದೇ ‘ಕರೆಂಟ್ ಸೈನ್ಸ್’ನಲ್ಲಿ ಬರೆದರು. ಇಂದು ಆ ಅಂತರಕ್ಕೆ ಇಬ್ಬರ ಹೆಸರೂ ಕೂಡಿ ಪಂಚರತ್ನಂ-ಬೆರ್ರಿ ಪ್ರಾವಸ್ಥೆ ಎಂಬ ಹೆಸರಿದೆ.

ಲೇಸರ್ ಕಥೆಯೊಳಗೆ ಬರುವುದು ಇಲ್ಲಿ. 1988ರಲ್ಲಿ ರಾಮನ್ ಸಂಶೋಧನ ಸಂಸ್ಥೆಯ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯಲ್, ಲೇಸರ್ ಕಿರಣವನ್ನು ಎರಡಾಗಿ ಸೀಳಿ ಮತ್ತೆ ಕೂಡಿಸುವ ಉಪಕರಣದಲ್ಲಿ ಈ ಪ್ರಾವಸ್ಥೆಯನ್ನು ನೇರವಾಗಿ ಅಳೆದರು. ಇದರ ಬಲ ಇರುವುದು ಒಂದು ವಿಷಯದಲ್ಲಿ. ಕನ್ನಡಿಯನ್ನು ಹಿಂದೆ ಮುಂದೆ ಸರಿಸಬೇಕಿಲ್ಲ, ದಾರಿಯ ಉದ್ದವನ್ನು ಬದಲಿಸಬೇಕಿಲ್ಲ. ತರಂಗಫಲಕವನ್ನು ಇದ್ದ ಜಾಗದಲ್ಲೇ ತಿರುಗಿಸಿದರೆ ಸಾಕು, ಪ್ರಾವಸ್ಥೆ ಬದಲಾಗುತ್ತದೆ. ಧ್ರುವೀಕರಣವೆಂಬ ಒಂದು ಗುಣದ ಕಿವಿ ಹಿಂಡಿದರೆ ಪ್ರಾವಸ್ಥೆಯೆಂಬ ಇನ್ನೊಂದು ಗುಣ ಮಾತು ಕೇಳುತ್ತದೆ. ಈಗ ದ್ರವಸ್ಫಟಿಕದ ತೆಳು ಪೊರೆಯಲ್ಲಿ ಅಣುಗಳ ದಿಕ್ಕನ್ನು ಜಾಗದಿಂದ ಜಾಗಕ್ಕೆ ಬದಲಿಸಿ, ಉಬ್ಬೂ ತಗ್ಗೂ ಇಲ್ಲದ ಚಪ್ಪಟೆ ಮಸೂರಗಳನ್ನು ಮಾಡುತ್ತಾರೆ. ಬೆಳಕನ್ನು ಬಾಗಿಸುವುದು ಅವುಗಳ ಆಕಾರವಲ್ಲ, 1956ರ ಆ ತ್ರಿಕೋನ.

ಈ ಕಥೆಯನ್ನು ಗಡಿಯ ಕನ್ನಡ ಮನೆಗಳಲ್ಲಿ ಓದಬೇಕಾದುದಕ್ಕೆ ಕಾರಣವಿದೆ. ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆಗಳಲ್ಲಿಯೂ ಡಿ. ಹಿರೇಹಾಳ್, ಬೊಮ್ಮನಹಾಳ್ ಕಡೆಗಳಲ್ಲಿಯೂ ಹತ್ತನೆಯ ತರಗತಿ ಸಮೀಪಿಸಿದಂತೆ ತಂದೆತಾಯಿಯರನ್ನು ಕಾಡುವ ಚಿಂತೆ ಒಂದೇ: ಕನ್ನಡದಲ್ಲಿ ಓದಿದ ಮಗುವಿಗೆ ಮುಂದೆ ವಿಜ್ಞಾನ ಹತ್ತೀತೇ? ಆ ಚಿಂತೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾಲೇಜಿನ ಪುಸ್ತಕ ಇಂಗ್ಲಿಷಿನಲ್ಲಿದೆ. ಪಂಚರತ್ನಂ ಬರೆದದ್ದೂ ಇಂಗ್ಲಿಷಿನಲ್ಲೇ. ಇಂಗ್ಲಿಷನ್ನು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಬೇಕು. ಆದರೆ ಭಾಷೆ ಕಲಿಯುವುದು ಒಂದು ಕೆಲಸ, ವಿಷಯ ತಿಳಿಯುವುದು ಇನ್ನೊಂದು. ಉಯ್ಯಾಲೆ, ಹಗ್ಗ, ಕವಾಯತುಗಳಿಂದ ಪ್ರಾವಸ್ಥೆ, ಧ್ರುವೀಕರಣ, ಸಂಸಕ್ತತೆಗಳನ್ನು ಮನದಟ್ಟು ಮಾಡಿಕೊಂಡ ಮಗುವಿಗೆ ನಾಳೆ ಕಲಿಯಬೇಕಾದುದು ಮೂರು ಹೊಸ ಹೆಸರುಗಳು ಮಾತ್ರ. ಅರ್ಥವಾಗದೆ ಇಂಗ್ಲಿಷ್ ಹೆಸರುಗಳನ್ನು ಬಾಯಿಪಾಠ ಮಾಡಿದ ಮಗು ಹೆಸರೂ ವಿಷಯವೂ ಎರಡನ್ನೂ ಮತ್ತೆ ಕಲಿಯಬೇಕಾಗುತ್ತದೆ.

ಇನ್ನೊಂದು ಮಾತು. ದೊಡ್ಡ ಊರಿನ ದೊಡ್ಡ ಪತ್ರಿಕೆಯಲ್ಲಿ ಬಂದಿಲ್ಲವೆಂಬ ಕಾರಣಕ್ಕೆ ಮೂವತ್ತು ವರ್ಷ ಯಾರೂ ಓದದಿದ್ದರೂ ಆ ಲೇಖನದ ಸತ್ಯ ಒಂದು ಗುಲಗಂಜಿಯಷ್ಟೂ ಕುಂದಲಿಲ್ಲ. ಅದು ಬೆಳಕಿಗೆ ಬಂದದ್ದು, ಅದನ್ನು ಬಲ್ಲವರು ತಮ್ಮ ಕಪಾಟಿನ ಹಳೆಯ ಸಂಚಿಕೆಯನ್ನು ಮರೆಯದೆ ಇದ್ದುದರಿಂದ. ಚಿಕ್ಕ ಶಾಲೆ, ಚಿಕ್ಕ ಮಾಧ್ಯಮ ಎಂದು ಕೀಳರಿಮೆ ತಾಳುವವರು ಇದನ್ನು ನೆನೆಯಬಹುದು.

ಬರುವ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಶಾಲೆಗಳಲ್ಲಿ ಮಾಡಿನೋಡಬಹುದಾದ ಪ್ರಯೋಗ ಇದು. ಒಂದು ಗಾಜಿನ ತುಂಡಿನ ಮೇಲೆ ಪಾರದರ್ಶಕ ಅಂಟುಪಟ್ಟಿಯನ್ನು ಅಡ್ಡಾದಿಡ್ಡಿಯಾಗಿ ಎರಡು ಮೂರು ಪದರ ಅಂಟಿಸಬೇಕು. ಶಾಲೆಯ ಕಂಪ್ಯೂಟರಿನ ಎಲ್‌ಸಿಡಿ ಪರದೆಯಲ್ಲಿ ಬಿಳಿಯ ಪುಟ ತೆರೆದು ಅದರ ಮುಂದೆ ಗಾಜನ್ನು ಹಿಡಿದು, ಪೋಲರಾಯ್ಡ್ ತುಂಡಿನ ಮೂಲಕ ನೋಡಬೇಕು. ಬಣ್ಣವಿಲ್ಲದ ಪಟ್ಟಿಯಲ್ಲಿ ನೀಲಿ, ಹಳದಿ, ನೇರಳೆ ಬಣ್ಣಗಳು ಅರಳುತ್ತವೆ. ಪೋಲರಾಯ್ಡನ್ನು ತಿರುಗಿಸಿದಂತೆ ಅವು ಬದಲಾಗುತ್ತವೆ. ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಆಡುವಂಥದು. ಅಂಟುಪಟ್ಟಿ ಅದನ್ನು ಎರಡಾಗಿ ಒಡೆದು ಹೆಜ್ಜೆಗಳ ನಡುವೆ ಅಂತರ ತರುತ್ತದೆ. ಪೋಲರಾಯ್ಡು ಅವನ್ನು ಮತ್ತೆ ಒಂದು ದಿಕ್ಕಿಗೆ ತಂದು ಕೂಡಿಸುತ್ತದೆ. ಯಾವ ಬಣ್ಣದ ಹೆಜ್ಜೆ ಕೂಡಿತೋ ಅದು ಉಳಿಯುತ್ತದೆ, ತಪ್ಪಿದ್ದು ಅಳಿಯುತ್ತದೆ. ಬೆಂಗಳೂರಿನ ಆ ತರುಣ ಹರಳುಗಳಲ್ಲಿ ದಿನವೂ ನೋಡುತ್ತಿದ್ದುದು ಈ ಜಾತಿಯ ಬಣ್ಣಗಳನ್ನೇ.